ಎಲ್ಲರಿಗೂ ‘ರಿ’

ಕೇಳಲೋ ಬೇಡವೋ? ಕೇಳಿದರೆ ಕಾಯಬೇಕು. ನಲವತ್ತು ನಿಮಿಷದ ತರಗತಿಯಲ್ಲಿ ಹಾಜರಿಗೆ ಐದು ನಿಮಿಷ ಹೋಯಿತು, ಗದ್ದಲ ಅಡಗಿಸುವುದಕ್ಕೆ ಏಳು. ಉಳಿದದ್ದರಲ್ಲಿ ನಾಲ್ಕು ನಿಮಿಷವನ್ನು ಒಬ್ಬಳೇ ಹುಡುಗಿ ಬಾಯಿ ತೆರೆಯಲಿ ಎಂದು ಸುರಿದರೆ ಮಿಕ್ಕ ಐವತ್ತಾರು ಮಕ್ಕಳು ಏನು ಮಾಡಬೇಕು? ಕೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದೇ ನನ್ನನ್ನು ಕಾಡುತ್ತಿತ್ತು. ನಾನು ಸೀಮೆಸುಣ್ಣ ಹಿಡಿದು ಎಂಟನೆಯ ತರಗತಿಯ ಮುಂದೆ ನಿಂತಿದ್ದೆ. ಹಲಗೆಯ ಮೇಲೆ ಪದ್ಯದ ಒಂದು ಸಾಲಿತ್ತು. ಅದರ ಪ್ರತಿ ಅಕ್ಷರಕ್ಕೂ ಗುರು ಯಾವುದು, ಲಘು ಯಾವುದು ಎಂದು ಗುರುತು ಹಾಕಬೇಕಿತ್ತು. ಮೂರನೆಯ ಬೆಂಚಿನ ತುದಿಯಲ್ಲಿ ಫಕ್ಕೀರವ್ವ ಕೂತಿದ್ದಳು. ಸರದಿ ಅವಳದ್ದು.

“ಅಕೀನ್ ಬಿಡ್ರಿ ಸರ,” ಎಂದಿತು ಮುಂದಿನ ಬೆಂಚಿನ ಒಂದು ದನಿ, ಬಹಳ ಮರ್ಯಾದೆಯಿಂದ. “ಅಕಿ ಹೇಳೂದ್ರಾಗ ಸಾಲಿ ಬಿಡ್ತೈತ್ರಿ.”

ತರಗತಿ ನಕ್ಕಿತು. ನಾನೂ ತುಟಿಯ ಒಂದು ಮೂಲೆಯಲ್ಲಿ ನಕ್ಕಿರಬೇಕು. “ಮುಂದಿನವರು ಹೇಳಿ,” ಅಂದೆ. ಫಕ್ಕೀರವ್ವನ ಚಪ್ಪಲಿಗಳು ನೆಲದಿಂದ ಎರಡು ಬೆರಳು ಮೇಲೆದ್ದವು. ಅವಳನ್ನು ಬೆಂಚಿನ ಕೊಂಡಿಗೆ ಕಟ್ಟಿದ್ದ ಹಗ್ಗ ಬಿಗಿಯಾಯಿತು. ಪಕ್ಕದವಳು ತನ್ನ ಪುಸ್ತಕದಿಂದ ಕಣ್ಣು ಕೂಡ ಎತ್ತದೆ, ಉಕ್ಕುವ ಪಾತ್ರೆಯ ಮುಚ್ಚಳ ಒತ್ತುವಂತೆ, ಅವಳ ಭುಜವನ್ನು ಕೆಳಕ್ಕೆ ಒತ್ತಿದಳು. ನಾನು ಹಲಗೆಯ ಕಡೆ ತಿರುಗಿ, ಯಾವ ಅಗತ್ಯವೂ ಇಲ್ಲದ ಒಂದು ಗೆರೆಯನ್ನು ಎರಡು ಸಲ ಎಳೆದೆ.

ಆ ಊರಿನಲ್ಲಿ ಯಾರ ಬಗ್ಗೆ ಹಗುರವಾಗಿ ಮಾತಾಡುತ್ತಾರೋ ಅವರು ಹಗುರಾಗುತ್ತಿದ್ದರು. ಯಾರ ಮಾತಿಗೆ ಬೆಲೆಯಿತ್ತೋ ಅವರಿಗೆ ತೂಕವಿತ್ತು. ಪುರಸಭೆಯ ಅಧ್ಯಕ್ಷರು ನಡೆದ ಬೀದಿಯಲ್ಲಿ ಚರಂಡಿಯ ಮೇಲಿನ ಚಪ್ಪಡಿಗಳು ಒಡೆಯುತ್ತಿದ್ದವು. ಅವನ್ನು ಮತ್ತೆ ಹಾಕಿಸುವುದಕ್ಕೆ ಊರಿನ ಅಭಿವೃದ್ಧಿ ಎಂದು ಹೆಸರು. ಹೆಣ್ಣು ನೋಡಲು ಬಂದವರಿಗೆ ಮೊದಲು ಉಪ್ಪಿಟ್ಟು, ಆಮೇಲೆ ತಕ್ಕಡಿ. ಮದುವೆಯಾಗಿ ಹೋಗುವ ಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬಿನ ಜೊತೆ ತವರಿನವರು ಒಂದು ಗುಂಡುಕಲ್ಲನ್ನೂ ಇಡುತ್ತಿದ್ದರು. ಅತ್ತೆಯ ನಾಲಿಗೆ ಹೇಗಿದೆಯೋ ಯಾರು ಕಂಡರು. ನಿವೃತ್ತರಾದ ಅಧಿಕಾರಿಗಳು ಮಾರನೆಯ ದಿನದಿಂದ ಗಾಳಿಯಲ್ಲಿ ಕೊಡೆ ಬಿಚ್ಚಲು ಹೆದರುತ್ತಿದ್ದರು. ಇದರಲ್ಲಿ ಯಾರಿಗೂ ಅಚ್ಚರಿಯಿರಲಿಲ್ಲ. ಹಗುರಾದವರು ಕಲ್ಲು ಹೊತ್ತು ತಿರುಗಿದರು, ಭಾರವಾದವರು ಕುರ್ಚಿ ಮುರಿದರು. ಕುರ್ಚಿ ಮುರಿಯುವವರನ್ನು ಕಂಡು ಕಲ್ಲು ಹೊತ್ತವರು ಕೈಮುಗಿದರು.

ನಾನು ಆ ಊರಿಗೆ ಬಂದಾಗ ಐವತ್ತೆಂಟು ಕಿಲೋ ಇದ್ದೆ. ಕನ್ನಡದಲ್ಲಿ ಎಂ.ಎ. ಮಾಡಿದ್ದೇನೆ ಎಂದು ತಿಳಿದ ಮೇಲೆ ನಲವತ್ತೊಂಬತ್ತಕ್ಕೆ ಇಳಿದೆ. ಕೆಲಸ ಕಾಯಂ ಅಲ್ಲ ಎಂದು ತಿಳಿದ ಮೇಲೆ ನಲವತ್ತೆರಡಕ್ಕೆ. ಹೆಗಲಚೀಲದಲ್ಲಿ ನಿಘಂಟಿನ ಎರಡು ಸಂಪುಟ ಇಟ್ಟುಕೊಂಡು ಓಡಾಡುತ್ತಿದ್ದೆ. ಜನ ಅದನ್ನು ಓದಿನ ಹುಚ್ಚು ಅಂದುಕೊಂಡರು. ಗಾಳಿಯ ದಿನಗಳಲ್ಲಿ ಮೂರನೆಯ ಸಂಪುಟವೂ ಬೇಕಾಗುತ್ತಿತ್ತು.

ನಮ್ಮ ಶಾಲೆಯ ಹೆಡ್ ಮಾಸ್ತರರ ಹೆಸರು ಮಹಾರುದ್ರಪ್ಪ. ಮೇಲಿನ ಅಂತಸ್ತಿನ ತರಗತಿಗಳನ್ನು ಅವರು ಒಮ್ಮೆಯೂ ನೋಡಿರಲಿಲ್ಲ; ಮೆಟ್ಟಿಲು ತಾಳುತ್ತಿರಲಿಲ್ಲ. ಅವರು ಹತ್ತಲಾರದ ಕಾರಣಕ್ಕೇ ಮೇಲಿನ ಮಕ್ಕಳು ಅವರನ್ನು ದೇವರೆಂದು ನಂಬಿದ್ದರು. ಹಿಂದಿನ ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಇಬ್ಬರು ಮಕ್ಕಳು ಧ್ವಜಸ್ತಂಭದ ತುದಿಯವರೆಗೆ ಏರಿ, ಹಗ್ಗ ಹಿಡಿದುಕೊಂಡು ಹೇಗೋ ಉಳಿದರು. ಯಾರೋ ಅದರ ಫೋಟೋ ತೆಗೆದರು. ಫೋಟೋ ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ಸುತ್ತೋಲೆ ಬಂತು: ಶಾಲೆಯಲ್ಲಿ ಕಾಳಜಿ ಮತ್ತು ಗೌರವದ ಸಂಸ್ಕೃತಿ ಬೆಳೆಸುವ ಬಗ್ಗೆ. ಮಹಾರುದ್ರಪ್ಪನವರು ಅದನ್ನು ಶಿಕ್ಷಕರ ಕೋಣೆಯಲ್ಲಿ ಎದ್ದು ನಿಂತು ಓದಿದರು. ಕಾಲಡಿಯ ಫರಸಿಕಲ್ಲು ಕಿರ್ ಎಂದಿತು.

“ನೋಡ್ರಿ, ಸಂಸ್ಕೃತಿ ಅಂದ್ರ ಏನು? ಮಾತು. ಮಾತು ಅಂದ್ರ ಏನು? ನಮ್ಮ ಕಡೆ ‘ರಿ’. ಇವತ್ತಿನಿಂದ ಸಣ್ಣವ್ರು ದೊಡ್ಡವ್ರು ಅನ್ನಂಗಿಲ್ಲ, ಎಲ್ಲಾರ್ಗೂ ‘ರಿ’ ಹಚ್ಚಿ ಮಾತಾಡೂದು. ‘ಲೇ’ ಬಂದ್.”

ಗಣಿತದ ಕುಸುಮಾ ಟೀಚರ್ ಕೈ ಎತ್ತಿದರು. “ಒಂದನೇ ಕ್ಲಾಸಿನ ಹುಡುಗರ್ಗೂ ಏನ್ರಿ ಸರ? ‘ಮೂಗ ಒರಸ್ಕೊಳ್ರಿ’ ಅನ್ಬೇಕೇನ್ರಿ?”

“ಅನ್ರಿ. ಮೂಗಿಗೂ ಮರ್ಯಾದಿ ಐತಿ.” ಆಮೇಲೆ ನನ್ನ ಕಡೆ ತಿರುಗಿದರು. “ಎಂ.ಎ. ಸರ, ಗ್ವಾಡಿ ಮ್ಯಾಲ ಬರಿಯೂ ಮಾತು ನೀವ ಬರೀರಿ. ನಿಮಗೂ ಏನರ ಕೆಲಸ ಬೇಕಲ್ಲ.”

ಆ ಮಾತಿನಲ್ಲಿ ‘ರಿ’ ಇತ್ತು. ಆದರೂ ಅಲ್ಲಿಯೇ ನನ್ನ ಅರ್ಧ ಕಿಲೋ ಹೋಯಿತು. ನಾನು ಅದನ್ನು ಗಮನಿಸಿದೆ, ಗಮನಿಸಿ ಸುಮ್ಮನಾದೆ. ಗಮನಿಸಿ ಸುಮ್ಮನಾಗುವುದರಲ್ಲಿ ನನಗೆ ಒಳ್ಳೆಯ ತರಬೇತಿ ಇತ್ತು. ಎರಡು ದಿನ ಕೂತು ಗೋಡೆಗೆ ಬರೆದೆ: “ಮಾತಿನ ಕೊನೆಗೆ ರಿ, ಬಾಳಿನ ಕೊನೆಗೆ ಸಿರಿ.” ಅದರ ಅರ್ಥವೇನೆಂದು ನನಗೂ ಗೊತ್ತಿರಲಿಲ್ಲ. ಪ್ರಾಸ ಕೂಡಿತ್ತು. ಎಲ್ಲರಿಗೂ ಬಹಳ ಹಿಡಿಸಿತು.

ವಾರದೊಳಗೆ ಶಾಲೆಯ ಭಾಷೆ ಬದಲಾಯಿತು. “ಏನ್ರಿ ಕ್ವಾಣಗಳ್ರ್ಯಾ, ಭಾಗಾಕಾರ ಬರಂಗಿಲ್ಲೇನ್ರಿ? ತಲ್ಯಾಗ ಏನ್ ಸಗಣಿ ತುಂಬೀರೇನ್ರಿ?” ಎಂದು ಕುಸುಮಾ ಟೀಚರ್ ಅತ್ಯಂತ ಗೌರವದಿಂದ ಕೇಳತೊಡಗಿದರು. ಮೈದಾನದಲ್ಲಿ ಮಕ್ಕಳು “ರೀ ಬುಡ್ಡ್ಯಾ, ಚೆಂಡ ಕೊಡ್ರಿ, ಇಲ್ಲಂದ್ರ ಹಲ್ಲ ಉದರಸ್ತೇನ್ರಿ” ಎಂದು ಪರಸ್ಪರ ವಿನಂತಿಸಿಕೊಂಡರು. ಗಂಟೆ ಹೊಡೆಯುವ ಮುದುಕ ಇಪ್ಪತ್ತು ವರ್ಷ “ಲೇ ದುರ್ಗ್ಯಾ” ಆಗಿದ್ದವನು “ರೀ ದುರ್ಗ್ಯಾ” ಆದ. ದುರ್ಗಪ್ಪ ಆಗಲಿಲ್ಲ.

ಸೋಮವಾರ ಕಾಳಿನ ಅಂಗಡಿಯಿಂದ ತಕ್ಕಡಿ ತರಿಸಿ ಮಕ್ಕಳನ್ನೆಲ್ಲ ತೂಗಿದರು. ಒಬ್ಬರದ್ದೂ ಏರಿರಲಿಲ್ಲ. ಬಹಳ ಮಕ್ಕಳದ್ದು ಇಳಿದಿತ್ತು. ಮಹಾರುದ್ರಪ್ಪನವರು ತಕ್ಕಡಿಯನ್ನು ಬಹಳ ಹೊತ್ತು ನೋಡಿದರು, ಆಮೇಲೆ ಮಕ್ಕಳನ್ನು ನೋಡಿದರು.

“ಮಂತ್ರ ಖರೇನ ಐತಿ,” ಅಂದರು. “ಹುಡುಗ್ರ ಸುಳ್ಳ ಅದಾವು.”

ಸುಳ್ಳು ಮಕ್ಕಳನ್ನು ಖರೆ ಮಾಡುವ ದಾರಿಯನ್ನು ಅವರೇ ಕಂಡುಹಿಡಿದರು. ಊರಿನ ಕಂಬಾರನಿಂದ ಕಬ್ಬಿಣದ ಬಿಲ್ಲೆಗಳನ್ನು ಮಾಡಿಸಿ, ದಪ್ಪ ಕ್ಯಾನ್ವಾಸಿನ ಸೊಂಟಪಟ್ಟಿಯೊಳಗೆ ಇಟ್ಟು ಹೊಲಿಸಿದರು. ಅದು ಸಮವಸ್ತ್ರದ ಭಾಗವಾಯಿತು. ಯಾರು ಎಷ್ಟು ಹಗುರವೋ ಅವರಿಗೆ ಅಷ್ಟು ಬಿಲ್ಲೆ. ಅದಕ್ಕೊಂದು ಹೆಸರು ಬೇಕಿತ್ತು, ನನ್ನನ್ನು ಕೇಳಿದರು. “ಗೌರವಪಟ್ಟಿ” ಅಂದೆ. ಗೇಲಿ ಮಾಡಲು ಹೇಳಿದ್ದೆ. ಯಾರೂ ನಗಲಿಲ್ಲ. ಮುಂದಿನ ಸೋಮವಾರ ಮಕ್ಕಳನ್ನು ಪಟ್ಟಿ ಸಮೇತ ತೂಗಿದರು. ಎಲ್ಲರ ತೂಕವೂ ಏರಿತ್ತು. ಹೆಡ್ ಮಾಸ್ತರರು ಪೇಢೆ ಹಂಚಿದರು. ತಂದೆತಾಯಿಗಳು ಕಣ್ಣೊರೆಸಿಕೊಂಡರು. ಮಕ್ಕಳು ಸಂಜೆ ಬಾವಿಕಟ್ಟೆಯ ಹತ್ತಿರ ಅಂಗಿ ಎತ್ತಿ, ಯಾರ ಸೊಂಟದಲ್ಲಿ ಎಷ್ಟು ಬೊಕ್ಕೆ ಎದ್ದಿದೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು.

ಫಕ್ಕೀರವ್ವನದ್ದು ಎಲ್ಲರಿಗಿಂತ ಭಾರದ ಪಟ್ಟಿ, ಹನ್ನೊಂದು ಕಿಲೋ. ಅವಳೇ ಇದ್ದದ್ದು ಹತ್ತೊಂಬತ್ತು. ಅವಳಲ್ಲಿ ಬೇರೆ ಯಾವ ಊನವೂ ಇರಲಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಅವಳೊಳಗೆ ಒಂದು ಉದ್ದನೆಯ ಓಣಿ ಇತ್ತು, ಅಷ್ಟೇ. ಮಾತು ಆ ಓಣಿಯನ್ನು ನಡೆದುಕೊಂಡೇ ಬರಬೇಕಿತ್ತು. ನಮ್ಮ ಶಾಲೆಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವ ಮಕ್ಕಳಿದ್ದರು. ಉತ್ತರ ತಪ್ಪಾದರೂ ಅವರಿಗೆ ತೂಕವಿತ್ತು. ಫಕ್ಕೀರವ್ವನ ಬಗ್ಗೆ ಎಂಟು ವರ್ಷದಿಂದ ಎಲ್ಲ ಶಿಕ್ಷಕರೂ ಒಂದೇ ಮಾತು ಹೇಳಿಕೊಂಡು ಬಂದಿದ್ದರು: “ಅಕೀನ್ ಬಿಡ್ರಿ.” ಅದರಲ್ಲಿರುವ ‘ರಿ’ ಅವಳಿಗೆ ಹಚ್ಚಿದ್ದಲ್ಲ, ಪಕ್ಕದಲ್ಲಿ ನಿಂತ ಇನ್ನೊಬ್ಬ ಶಿಕ್ಷಕರಿಗೆ ಹಚ್ಚಿದ್ದು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನೊಬ್ಬನೇ ತರಗತಿಯಲ್ಲಿ ಕೂತಿದ್ದೆ. ಖಾಲಿ ಶಾಲೆ ನನಗೆ ಇಷ್ಟ. ಅಲ್ಲಿ ಯಾರೂ ನನ್ನನ್ನು ಏನೂ ಅನ್ನುವುದಿಲ್ಲ, ಹಾಗಾಗಿ ನಿಘಂಟು ಕೆಳಗಿಟ್ಟು ಕೂರಬಹುದು. ಫಕ್ಕೀರವ್ವ ಬಾಗಿಲಲ್ಲಿ ಬಂದು ನಿಂತಳು. ಸೊಂಟ ಉರಿಯುತ್ತಿತ್ತೋ ಏನೋ, ಗೌರವಪಟ್ಟಿಯನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟು, ಒಂದು ಕೈಯಲ್ಲಿ ನನ್ನ ಮೇಜಿನ ಅಂಚು ಹಿಡಿದುಕೊಂಡಳು.

“ಸರ,” ಅಂದಳು. ಅಲ್ಲಿಗೆ ನಿಂತಳು.

ನಾನು ಕಾದೆ. ಅವಳ ಮೇಲಿನ ಗೌರವದಿಂದಲ್ಲ. ಸೋಮಾರಿತನದಿಂದ. ಹೋಗಲು ಬೇರೆ ಜಾಗವಿರಲಿಲ್ಲ. ಹೊರಗೆ ಬೇವಿನ ಮರದಲ್ಲಿ ಗಾಳಿ ಆಡುತ್ತಿತ್ತು. ದುರ್ಗಪ್ಪ ಎಲ್ಲೋ ಕೊಡ ತೊಳೆಯುತ್ತಿದ್ದ. ನಾನು ಒಂದು ಉತ್ತರಪತ್ರಿಕೆ ತಿದ್ದಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದೆ. ಅವಳ ತುಟಿ ಕೂಡಿತು, ಬಿಟ್ಟಿತು. ಗಂಟಲು ಒಮ್ಮೆ ಆಡಿತು. ಅದಾಗಿ ಹತ್ತು ಉಸಿರಿನಷ್ಟು ಹೊತ್ತಿನ ಮೇಲೆ ಮಾತು ಬಂತು.

“ಒತ್ತಕ್ಷರದ ಹಿಂದಿನ ಲಘು ಗುರು ಆಗತೈತಿ ಅಂದ್ರಿ.”

“ಹೌದು.”

ಮತ್ತೆ ಅಷ್ಟೇ ಹೊತ್ತು. “ಅದೇನೂ ಮಾಡಿರಂಗಿಲ್ಲಲ್ರಿ. ಮಗ್ಗಲಕ ಭಾರ ಇದ್ದದ್ದೊಂದು ಬಂದು ನಿಂತದ್ದಕ್ಕ ತಾನೂ ಭಾರ ಆತು. ಹೌದಿಲ್ರಿ?”

ನಾನು ಛಂದಸ್ಸನ್ನು ಐದು ವರ್ಷ ಓದಿದ್ದೆ, ಎರಡು ವರ್ಷದಿಂದ ಕಲಿಸುತ್ತಿದ್ದೆ. ಆ ಸೂತ್ರ ನನಗೆ ಹೀಗೆ ಕಂಡಿರಲಿಲ್ಲ. ತಲೆಯೆತ್ತಿ ನೋಡಿದೆ. ಅವಳು ಮೇಜು ಹಿಡಿದಿರಲಿಲ್ಲ. ಪಟ್ಟಿ ಬೆಂಚಿನ ಮೇಲಿತ್ತು. ಅವಳ ಎರಡೂ ಹಿಮ್ಮಡಿ ನೆಲದ ಮೇಲಿದ್ದವು.

ಸೋಮವಾರ ಯಾರೂ ಇಲ್ಲದಾಗ ಅವಳನ್ನು ಪಟ್ಟಿಯಿಲ್ಲದೆ ತೂಗಿದೆ. ಇಪ್ಪತ್ತು ಇತ್ತು. ಮರುದಿನ ಶಾಲೆ ಬಿಟ್ಟ ಮೇಲೆ ಒಂದು ಪ್ರಶ್ನೆ ಕೇಳಿ ಕಾದೆ, ಅದರ ಮರುದಿನವೂ ಕಾದೆ. ವಾರ ಮುಗಿಯುವಷ್ಟರಲ್ಲಿ ಇಪ್ಪತ್ತೆರಡಾಯಿತು. ‘ರಿ’ ಹಚ್ಚಲಿಲ್ಲ, ‘ನೀನು’ ಎಂದೇ ಕರೆದೆ. ಕೇಳಿ ಸುಮ್ಮನಿದ್ದೆ, ಅಷ್ಟೇ. ಇದನ್ನು ನಾನು ಶಿಕ್ಷಕರ ಕೋಣೆಯಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಅವರು ‘ಕಾಯುವ ಸಪ್ತಾಹ’ ಮಾಡುತ್ತಿದ್ದರು, ಗೋಡೆಗೆ ಬರೆಸುತ್ತಿದ್ದರು, ಕಾಯುವುದಕ್ಕೊಂದು ಬಿಲ್ಲೆ ಮಾಡಿಸುತ್ತಿದ್ದರು. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ತಿರಸ್ಕಾರದಷ್ಟು ಅನುಕೂಲವಾದ ಕಂಬಳಿ ಇನ್ನೊಂದಿಲ್ಲ. ಅದರೊಳಗೆ ಹೊಕ್ಕು ಮಲಗಿದರೆ ಹೇಡಿತನಕ್ಕೂ ಬೆಚ್ಚಗಾಗುತ್ತದೆ.

ಅಷ್ಟರಲ್ಲಿ ಮೇಲಿನ ಕಚೇರಿಯ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನಮ್ಮದನ್ನು ಗೌರವದ ಮಾದರಿ ಶಾಲೆ ಎಂದು ಘೋಷಿಸುವವರಿದ್ದರು. ಹೆಡ್ ಮಾಸ್ತರರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಹಾಗೆ ಕೂರಿಸಿಕೊಂಡದ್ದು ಅದೇ ಮೊದಲು. ಕೂತಲ್ಲಿಯೇ ನನಗೆ ಕಾಲು ಕಿಲೋ ಬಂದಂತಾಯಿತು.

“ನಿಮ್ಮ ಕಾಯಂ ಮಾಡೂ ಕಾಗದ ಸಾಹೇಬ್ರ ಕೈಯಾಗ ಐತ್ರಿ. ಕಾರ್ಯಕ್ರಮ ನೀವ ನಡಸ್ರಿ, ಮೈಕ್ ನಿಮ್ಮ ಕೈಯಾಗ ಇರ್ಲಿ. ಆ ಫಕ್ಕೀರವ್ವನ್ನ ನಿಂದ್ರಸ್ರಿ. ಎಲ್ಲಾರಕಿಂತ ಹಗುರಿದ್ದ ಹುಡುಗಿ ಈಗ ಮೂವತ್ತಮೂರು ಕಿಲೋ ಆಗ್ಯಾಳ. ಸಾಹೇಬ್ರು ಖುಷ್ ಆಗ್ತಾರ.”

“ಪಟ್ಟಿ ಸಮೇತ ಮೂವತ್ತಮೂರು, ಸರ್.”

“ಪಟ್ಟಿ ಬಿಚ್ಚಿ ಯಾರ್ ನೋಡ್ತಾರ? ಅಕಿ ಒಂದ ವಾಕ್ಯ ಹೇಳ್ಲಿ. ‘ನಮ್ಮ ಶಾಲೆಯಲ್ಲಿ ಎಲ್ಲರನ್ನೂ ಗೌರವದಿಂದ ಕಾಣುತ್ತಾರೆ.’ ಗಿಣಿಗೆ ಕಲಿಸಿದ್ರೂ ಹೇಳತೈತಿ.”

ಮೂರು ವಾರ ದಿನವೂ ಸಂಜೆ ಅವಳಿಗೆ ಆ ವಾಕ್ಯ ಕಲಿಸಿದೆ. ವಾಕ್ಯ ಮೂರನೆಯ ದಿನಕ್ಕೇ ಬಂದಿತ್ತು, ಉಳಿದ ದಿನ ನಾವು ಬೇರೆ ಏನೇನೋ ಮಾತಾಡಿದೆವು. ಮಾತಾಡಿದೆವು ಅನ್ನುವುದಕ್ಕಿಂತ ಇಬ್ಬರೂ ಸರದಿಯ ಮೇಲೆ ಸುಮ್ಮನಿದ್ದೆವು ಅನ್ನಬೇಕು. ನನ್ನ ಬದುಕಿನಲ್ಲಿ ಸುಮ್ಮನಿರುವುದು ಯಾವಾಗಲೂ ಒಂದು ಅಡಗುತಾಣವಾಗಿತ್ತು. ಅವಳದ್ದು ಹಾಗಿರಲಿಲ್ಲ. ಅವಳು ಸುಮ್ಮನಿದ್ದಾಗ ಒಳಗೆ ಯಾರೋ ನಡೆದು ಬರುತ್ತಿರುವುದು ಗೊತ್ತಾಗುತ್ತಿತ್ತು. ಪಟ್ಟಿಯಿಲ್ಲದೆ ಅವಳ ತೂಕ ಇಪ್ಪತ್ತಾರಕ್ಕೆ ಬಂತು. ಬೆಂಚಿನ ಹಗ್ಗವನ್ನು ಅವಳೇ ಬಿಚ್ಚಿ ಸುತ್ತಿಟ್ಟಳು.

ಕಾರ್ಯಕ್ರಮದ ಹಿಂದಿನ ದಿನ ಅವಳು ಅಂದಳು: “ಸರ, ನಾಳಿ ನಾ ಬ್ಯಾರೇ ಹೇಳ್ತೇನ್ರಿ.”

“ಬೇರೆ ಅಂದರೆ? ಏನು ಹೇಳುತ್ತೀ?”

ಅವಳು ಉತ್ತರ ಹುಡುಕಲು ಒಳಗೆ ಹೋದಳು. ಆಗಲೇ ಕಾರಿಡಾರಿನಿಂದ ಹೆಡ್ ಮಾಸ್ತರರು, “ಎಂ.ಎ. ಸರ, ಹಾರ ಎಷ್ಟ ತರಸೂದ್ರಿ?” ಎಂದು ಕೂಗಿದರು. ನಾನು ಎದ್ದು ಹೋದೆ. ಹಾರದ ಮಾತು ಮುಗಿಸಿ ಬರುವಷ್ಟರಲ್ಲಿ ಅವಳು ಹೋಗಿದ್ದಳು. ಆ ‘ಬ್ಯಾರೇ’ ನನ್ನ ಬೆನ್ನು ಬಿಡಲಿಲ್ಲ. ಸೊಂಟದ ಬೊಕ್ಕೆಗಳ ಬಗ್ಗೆ ಹೇಳುತ್ತಾಳೋ? ಕುಸುಮಾ ಟೀಚರ ಕೋಣಗಳ ಬಗ್ಗೆಯೋ? ಎಂಟು ವರ್ಷದಲ್ಲಿ ಅವಳು ಹೇಳದೆ ಉಳಿದದ್ದು ಎಷ್ಟಿರಬಹುದು?

ಮರುದಿನ ಬೇವಿನ ಮರದ ಪಕ್ಕ, ಬಯಲಿನಲ್ಲಿಯೇ ವೇದಿಕೆ. ಸಾಹೇಬರ ಭಾರಕ್ಕೆ ಹಲಗೆ ತಡೆಯುವುದಿಲ್ಲವೆಂದು ಚಪ್ಪಡಿಕಲ್ಲು ಜೋಡಿಸಿದ್ದರು. ಆದರೂ ಅವರು ಕೂತಾಗ ಒಂದು ಕುರ್ಚಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾರ್ಥನೆಯಾಯಿತು, ಹಾರವಾಯಿತು, ಗೌರವದ ಬಗ್ಗೆ ಮಹಾರುದ್ರಪ್ಪನವರು ಮುಕ್ಕಾಲು ಗಂಟೆ ಮಾತಾಡಿದರು. ಬಿಸಿಲಿಗೆ ಎರಡು ಮಕ್ಕಳು ಕುಸಿದವು. “ಆ ಕಡಿ ಮಲಗಸ್ರಿ ಅವರ್ನ” ಎಂದು ಕುಸುಮಾ ಟೀಚರ್ ಮೆಲ್ಲಗೆ, ಮರ್ಯಾದೆಯಿಂದ ಹೇಳಿದರು. ಆಮೇಲೆ ನಾನು ಫಕ್ಕೀರವ್ವನ ಹೆಸರು ಕರೆದೆ.

ಅವಳು ಬಂದು ನಿಂತಳು. ಪಟ್ಟಿಯನ್ನು ಸಡಿಲವಾಗಿ ಕಟ್ಟಿಕೊಂಡಿದ್ದಳು. ಈಚೆಗೆ ಅವಳಿಗೆ ಅದು ಬೇಕಾಗಿರಲಿಲ್ಲ. ನಾನು ಮೈಕನ್ನು ಅವಳ ಬಾಯಿಯ ಮುಂದೆ ಹಿಡಿದೆ. ಒಂದು ನಿಮಿಷ ಹೋಯಿತು. ಐನೂರು ಜನ ಕೂತ ಬಯಲಿನಲ್ಲಿ ಒಂದು ನಿಮಿಷದ ಮೌನ ಎಷ್ಟು ದೊಡ್ಡದೆಂದು ಅದರ ನಡುವೆ ನಿಂತವರಿಗೇ ಗೊತ್ತು. ಅವಳಿಗೆ ಅದರ ಭಯವಿರಲಿಲ್ಲ. ಕಾಲು ನೆಲದಲ್ಲಿ ಗಟ್ಟಿಯಾಗಿ ಊರಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಎರಡನೆಯ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ವಾಚು ನೋಡಿಕೊಂಡರು.

“ಏನಾತ್ರಿ? ಮರ್ತಾಳೇನು?”

ಹೆಡ್ ಮಾಸ್ತರರು ಮುಂದೆ ಬಾಗಿದರು. ಅವರು ಪಿಸುಗುಟ್ಟಿದ್ದು ಮೈಕಿನಲ್ಲಿಯೂ ಕೇಳಿಸಿತು. “ಅಕೀನ್ ಬಿಡ್ರಿ, ಎಂ.ಎ. ಸರ. ನೀವ ಹೇಳ್ರಿ.”

ಆಗ ಅವಳ ಗಂಟಲು ಆಡಿತು.

ನಾನು ಮೈಕನ್ನು ನನ್ನ ಕಡೆ ತಿರುಗಿಸಿಕೊಂಡೆ. “ಸಾಹೇಬರು ಕ್ಷಮಿಸಬೇಕು. ನಮ್ಮ ಫಕ್ಕೀರವ್ವನವರ ಮಾತು ಇನ್ನೂ ಚಕ್ಕಡಿಯಲ್ಲಿ ಬರುತ್ತಿದೆ, ಊರು ಮುಟ್ಟಲು ನಾಳೆಯಾಗಬಹುದು. ಅವರ ಪರವಾಗಿ ನಾನೇ ಹೇಳುತ್ತೇನೆ: ನಮ್ಮ ಶಾಲೆಯಲ್ಲಿ ಎಲ್ಲರನ್ನೂ ಗೌರವದಿಂದ ಕಾಣುತ್ತಾರೆ.” ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. ಅವರು ನಕ್ಕರೆಂದು ಎಲ್ಲರೂ ನಕ್ಕರು. ಇಡೀ ಬಯಲು ಚಪ್ಪಾಳೆ ತಟ್ಟಿತು.

ಪಟ್ಟಿ ಅವಳ ಸೊಂಟದಿಂದ ಜಾರಿ ಧಡ್ಡೆಂದು ಚಪ್ಪಡಿಯ ಮೇಲೆ ಬಿತ್ತು. ಅವಳು ಮೇಲೆದ್ದಳು. ಕೈಚಾಚಿದ್ದರೆ ಸಿಗುತ್ತಿದ್ದಳು, ನನ್ನ ಕೈಯಲ್ಲಿ ಮೈಕಿತ್ತು. ಬೇವಿನ ಮರದ ನೆತ್ತಿಯವರೆಗೆ ಹೋಗಿ ಒಂದು ಟೊಂಗೆ ಹಿಡಿದು ನಿಂತಳು. ಕೆಳಗೆ ಗದ್ದಲವೆದ್ದಿತು. “ಫಕ್ಕೀರವ್ವನವರ, ದಯಮಾಡಿ ಇಳೀರಿ!” “ಬರ್ರಿ ಕೆಳಗ, ಹಿಂಗ ಮಾಡಬ್ಯಾಡ್ರಿ!” “ಏನ್ರಿ ಮಂಗ್ಯಾನಂಥವರ, ಸಾಹೇಬ್ರ ಮುಂದ ಮಾನ ಕಳೀತೀರೇನ್ರಿ?” ಒಂದೊಂದು ಕೂಗಿಗೂ ಟೊಂಗೆ ಒಂದೊಂದು ಗೇಣು ಮೇಲಕ್ಕೆ ಬಾಗುತ್ತಿತ್ತು. ಅವಳ ತುಟಿಗಳು ಆಡುತ್ತಿದ್ದವು. ಅವಳ ಮಾತು ಓಣಿ ದಾಟಿ ಬಂದು ಮುಟ್ಟಿತ್ತು. ಅವಳು ಅದನ್ನು ಅಲ್ಲಿ ನಿಂತು ಹೇಳುತ್ತಿದ್ದಳು. ಕೆಳಗಿನ ಮರ್ಯಾದೆಯ ಗದ್ದಲದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಸಾಹೇಬರು ಕೈ ಅಡ್ಡ ಹಿಡಿದು ಮೇಲೆ ನೋಡಿದರು, ಆಮೇಲೆ ಕೂಗುತ್ತಿದ್ದ ಮಕ್ಕಳನ್ನೂ ಶಿಕ್ಷಕರನ್ನೂ ನೋಡಿದರು. “ಇಂಥಾ ಹೊತ್ತಿನ್ಯಾಗೂ ಒಬ್ರರ ‘ಲೇ’ ಅನ್ನಲಿಲ್ಲ ನೋಡ್ರಿ,” ಎಂದು ಮಹಾರುದ್ರಪ್ಪನವರ ಬೆನ್ನು ತಟ್ಟಿದರು. “ಇದು ಸಂಸ್ಕೃತಿ.” ಎಲ್ಲರೂ ಊಟಕ್ಕೆ ಎದ್ದರು.

ಫಕ್ಕೀರವ್ವನ ತಾಯಿ ಯಲ್ಲವ್ವ ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ದುರ್ಗಪ್ಪ ಓಡಿಹೋಗಿ ಕರೆತಂದ. ಕೈಗೆ ಮೆತ್ತಿದ ಹಿಟ್ಟಿನ ಸಮೇತ ಬಂದಳು. ಮೇಲೆ ನೋಡಿದಳು. ಕೂಗಲಿಲ್ಲ. ಮರದ ಬೇರಿನ ಮೇಲೆ ಕೂತು ಸೆರಗಿನಿಂದ ಕೈ ಒರೆಸಿಕೊಂಡಳು.

“ಅವಸರಿಲ್ಲವಾ,” ಅಂದಳು. “ನೀ ಹೇಳೂದು ಹೇಳಿ ಮುಗಸು. ಆಮ್ಯಾಲ ಬಾ. ನಾ ಇಲ್ಲೇ ಕುಂತೇನಿ.”

“ನೋಡ್ರಿ, ಮಗಳಿಗೇ ‘ನೀ’ ಅಂತಾಳ,” ಎಂದರು ಪಕ್ಕದಲ್ಲಿದ್ದ ಕುಸುಮಾ ಟೀಚರ್, ತಲೆಯಾಡಿಸುತ್ತ. “ಮನ್ಯಾಗ ಹಿಂಗಿದ್ರ ನಾವ್ ಎಷ್ಟ ಕಲಸಬೇಕು?” ಅವರಿಗೂ ಹಸಿವಾಗಿತ್ತು, ಪಂಕ್ತಿಯ ಕಡೆ ಹೋದರು.

ನಾನು ಅಲ್ಲಿಯೇ ದೂರದಲ್ಲಿ ನಿಂತಿದ್ದೆ. ಮರದ ಮೇಲೆ ತುಟಿಗಳು ಆಡಿದವು, ನಿಂತವು, ಆಡಿದವು. ಯಲ್ಲವ್ವ ನಡುನಡುವೆ “ಹೂಂ” ಅನ್ನುತ್ತಿದ್ದಳು. ಏನು ಕೇಳಿಸಿತೋ, ಏನೂ ಕೇಳಿಸದೆಯೇ ಅನ್ನುತ್ತಿದ್ದಳೋ. ಎಲೆ ಎತ್ತಿ, ಅಂಗಳ ಗುಡಿಸಿ, ಸಾಹೇಬರು ಕೈತೊಳೆದು ಹೆಡ್ ಮಾಸ್ತರರ ಕೋಣೆಗೆ ಹೋಗುವವರೆಗೆ ಅವಳು ಹಾಗೆಯೇ ಕೂತಿದ್ದಳು. ಫಕ್ಕೀರವ್ವ ಟೊಂಗೆಯಿಂದ ಟೊಂಗೆಗೆ ಇಳಿಯುತ್ತ ಬಂದಳು. ಕೊನೆಯ ಟೊಂಗೆಯಿಂದ ಧುಮುಕಿದಾಗ ಮಣ್ಣಿನಲ್ಲಿ ಅವಳ ಎರಡು ಪಾದದ ಗುರುತು ಮೂಡಿತು.

ಹೆಡ್ ಮಾಸ್ತರರು ವರಾಂಡಕ್ಕೆ ಬಂದರು. “ಸೋಮವಾರದಿಂದ ಕಳಸ್ರಿ ಯಲ್ಲವ್ವಾರ. ಇನ್ನೊಂದ ನಾಕ್ ಬಿಲ್ಲೆ ಹಾಕಸ್ತೀವಿ, ಏನೂ ಆಗಂಗಿಲ್ಲ.”

“ನಿಮ್ಮ ‘ರಿ’ ನೀವ ಇಟ್ಕೊಳ್ರಿ ಸರ,” ಅಂದಳು ಯಲ್ಲವ್ವ. “ನನ್ ಮಗಳ್ನ ನನಗ ಬಿಡ್ರಿ. ಸಾಕು ಸಾಲಿ.” ಮಗಳ ಕೈ ಹಿಡಿದು ಗೇಟಿನ ಕಡೆ ಹೊರಟವಳು ನನ್ನ ಹತ್ತಿರ ಬಂದಾಗ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

“ಸರ, ನೀವಂದ್ರ ಅಕಿಗೆ ಭಾಳ ನಂಬಿಗಿ ಇತ್ತು. ದಿನಾ ಮನ್ಯಾಗ ಹೇಳ್ತಿದ್ಲು, ಕನ್ನಡ ಸರ ಒಬ್ರ ಕಾಯ್ತಾರ ಅಂತ. ಇವತ್ತ ಅಕಿಗೆ ಮಾತ ಬರಂಗಿಲ್ಲ ಅಂತ ತಿಳದು ಮೈಕ್ ತಗೊಂಡ್ರೇನ್ರಿ?”

“ಹೌದು,” ಅಂದೆ. “ಗಡಿಬಿಡಿಯಲ್ಲಿ ಹಾಗಾಯಿತು.”

“ಆಗಲಿ ಬಿಡ್ರಿ. ಗಡಿಬಿಡಿ ಅಂದ್ರ ಹಂಗ.” ಅವಳು ನಂಬಿದಳು. ಫಕ್ಕೀರವ್ವ ನನ್ನ ಮುಖ ನೋಡಿದಳು. ಅವಳ ತುಟಿ ಕೂಡಿತು. ಏನೋ ಹೊರಟಿತ್ತು. ತಾಯಿ ಕಾಯುತ್ತ ನಿಂತಳು. ನಾನು, ಸಾಹೇಬರು ಕರೆಯುತ್ತಿದ್ದಾರೆ ಎಂದು ಹೇಳಿ ಒಳಗೆ ಹೋದೆ. ಯಾರೂ ಕರೆದಿರಲಿಲ್ಲ.

ಶಾಲೆ ಮಾದರಿಯಾಯಿತು. ಸುತ್ತಲಿನ ಶಾಲೆಗಳವರು ಬಂದು ಪಟ್ಟಿಯ ಅಳತೆ ತೆಗೆದುಕೊಂಡು ಹೋದರು. ನನ್ನ ಕೆಲಸ ಕಾಯಂ ಆಯಿತು; ಜನ ನನ್ನನ್ನು ಎಂ.ಎ. ಎಂದು ಕರೆಯುವುದು ಬಿಟ್ಟರು. ಈಗ ಎಪ್ಪತ್ತೊಂದು ಕಿಲೋ ಇದ್ದೇನೆ. ನಾನು ಹತ್ತಿದರೆ ಮೆಟ್ಟಿಲು ಸದ್ದು ಮಾಡುತ್ತದೆ, ಸದ್ದು ಕೇಳಿ ಮಕ್ಕಳು ಎದ್ದು ನಿಲ್ಲುತ್ತಾರೆ. ಫಕ್ಕೀರವ್ವ ಮತ್ತೆ ಶಾಲೆಗೆ ಬರಲಿಲ್ಲ. ಗಂಟಲು ಆಡಿದ ಮೇಲೆ ಅವಳ ಮಾತಿಗೆ ಹತ್ತು ಉಸಿರು ಸಾಕೆಂದು ಆ ದಿನ ನನಗೆ ಗೊತ್ತಿತ್ತು. ಮಾತು ಬಂದೇ ಬಿಡುತ್ತದೆಂದು ಹೆದರಿ ಮೈಕು ಕಿತ್ತುಕೊಂಡೆ. ಅದನ್ನು ನಾನು ಯಲ್ಲವ್ವನಿಗೆ ಹೇಳಲಿಲ್ಲ.